ನೀರು ಸುರಿಸುವ ಒಣಗಣ್ಣು

ಬೈಕಿನಲ್ಲಿ ಹೋಗುವಾಗ ಕಣ್ಣಿಂದ ನೀರು ಇಳಿಯುತ್ತದೆ. ಫ್ಯಾನಿನ ಕೆಳಗೆ ಕೂತು ಪೇಪರ್ ಓದಿದರೆ ಕರವಸ್ತ್ರ ಬೇಕಾಗುತ್ತದೆ. ಸಂಜೆಯ ಹೊತ್ತಿಗೆ ಕಣ್ಣು ಕೆಂಪಗಾಗಿ, ಮರಳು ಬಿದ್ದ ಹಾಗೆ ಕರಕರ ಎನ್ನುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಅವರು ಬರೆದುಕೊಡುವುದು ಕಣ್ಣೀರಿನಂಥದೇ ಹನಿ. ಕಾಯಿಲೆಗೆ ಅವರು ಹೇಳುವ ಹೆಸರು ಡ್ರೈ ಐ, ಅಂದರೆ ಒಣಗಣ್ಣು. ಇಷ್ಟೊಂದು ನೀರು ಸುರಿಸುವ ಕಣ್ಣು ಒಣಗಿದ್ದಾದರೂ ಹೇಗೆ?

ಈ ಒಗಟು ಬಿಡಿಸಿದರೆ ಇನ್ನೊಂದು ಪ್ರಶ್ನೆಗೂ ದಾರಿ ಸಿಗುತ್ತದೆ. ಹನಿ ಹಾಕಿ ಹಾಕಿ ಬೇಸತ್ತವರ ಮುಂದೆ ದೊಡ್ಡ ಊರುಗಳ ಕಣ್ಣಿನ ಆಸ್ಪತ್ರೆಗಳು ಈಗ ಹೊಸ ಚಿಕಿತ್ಸೆಗಳನ್ನು ಇಡುತ್ತಿವೆ. ಒಂದು ಯಂತ್ರ ರೆಪ್ಪೆಯನ್ನು ಬಿಸಿ ಮಾಡಿ ಹಿಂಡುತ್ತದೆ. ಇನ್ನೊಂದು ಕೆನ್ನೆಯ ಮೇಲೆ ಬೆಳಕು ಮಿಂಚಿಸುತ್ತದೆ. ಎರಡೂ ದುಬಾರಿ, ಖರ್ಚು ಹೆಚ್ಚಾಗಿ ನಮ್ಮ ಜೇಬಿನದೇ. ಮಾಡಿಸಿಕೊಳ್ಳುವುದೋ ಬೇಡವೋ? ಯಂತ್ರ ಒಳ್ಳೆಯದೇ ಎಂದು ಕೇಳುತ್ತ ಹೋದರೆ ಹತ್ತು ಜನ ಹತ್ತು ಥರ ಹೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ: ನನ್ನ ಕಣ್ಣೀರಿನಲ್ಲಿ ಕೆಟ್ಟಿರುವುದು ಯಾವುದು?

ಮೂರು ಮೈಕ್ರಾನಿನ ಪದರ

ಅಳುವಾಗ ಬರುವ ನೀರು ಕಣ್ಣೀರಿನ ಒಂದು ರೂಪ ಮಾತ್ರ. ನಗುವಾಗಲೂ ಓದುವಾಗಲೂ ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ಕಣ್ಣೀರು ಬೇರೆಯೇ ಇದೆ. ಅದರ ದಪ್ಪ ಸುಮಾರು 3 ಮೈಕ್ರಾನ್, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟು. ನಾವು ಜಗತ್ತನ್ನು ನೋಡುವುದು ಈ ಪದರದ ಮೂಲಕವೇ. ಬೆಳಕು ಕಣ್ಣಿನೊಳಗೆ ಬರುವಾಗ ಮೊದಲು ಬಾಗುವುದೂ ಇಲ್ಲಿಯೇ. ಓದುತ್ತಿದ್ದಂತೆ ಅಕ್ಷರ ಮಸುಕಾಗಿ, ಒಮ್ಮೆ ಕಣ್ಣು ಮಿಟುಕಿಸಿದ ಕೂಡಲೇ ತಿಳಿಯಾದರೆ, ತೊಂದರೆ ಕನ್ನಡಕದ ನಂಬರಿನಲ್ಲಿ ಇರಲಿಕ್ಕಿಲ್ಲ. ಈ ಪದರದಲ್ಲಿ ಇರಬಹುದು.

ಇಷ್ಟು ತೆಳುವಾದ ಪದರದಲ್ಲೂ ಮೂರು ಬಗೆಯ ಸರಕಿದೆ. ಅಡಿಯಲ್ಲಿ ಲೋಳೆ. ಕಣ್ಣಿನ ಮೈಗೆ ನೀರು ಅಂಟಿ ನಿಲ್ಲುವಂತೆ ಮಾಡುವುದು ಅದು. ಅದರ ಮೇಲೆ ಉಪ್ಪು ಮತ್ತು ಪ್ರೋಟೀನುಗಳು ಕರಗಿದ ನೀರು. ಹುಬ್ಬಿನ ಹೊರತುದಿಯ ಕೆಳಗೆ ಅಡಗಿರುವ ಕಣ್ಣೀರಿನ ಗ್ರಂಥಿಯಿಂದ ಅದು ಬರುತ್ತದೆ. ಎಲ್ಲಕ್ಕಿಂತ ಮೇಲೆ ಎಣ್ಣೆ. ಇದರ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗವನ್ನೂ ದಾಟದು. 1946ರಲ್ಲಿ ಯೂಜೀನ್ ವುಲ್ಫ್ ಈ ಮೂರನ್ನೂ ಮೂರು ಪ್ರತ್ಯೇಕ ಪದರಗಳೆಂದು ವಿವರಿಸಿದರು. ಲೋಳೆ ಮತ್ತು ನೀರು ಒಂದರೊಳಗೊಂದು ಬೆರೆತೇ ಇರುತ್ತವೆ ಎಂಬುದು ಈಗಿನ ತಿಳಿವಳಿಕೆ. ಎಣ್ಣೆ ಮಾತ್ರ ಬೇರೆಯಾಗಿ ಮೇಲೆಯೇ ನಿಂತು ಕೆಳಗಿನ ನೀರು ಬೇಗ ಆವಿಯಾಗದಂತೆ ತಡೆಯುತ್ತದೆ.

ಎಣ್ಣೆ ಕಡಿಮೆಯಾದರೆ ನೀರು ಬೇಗ ಆರುತ್ತದೆ. ಪದರದಲ್ಲಿ ಅಲ್ಲಲ್ಲಿ ಒಣ ಮಚ್ಚೆಗಳು ಬೀಳುತ್ತವೆ. ಉಳಿದ ನೀರಿನಲ್ಲಿ ಉಪ್ಪಿನ ಪ್ರಮಾಣ ಏರುತ್ತದೆ. ಕಣ್ಣಿನ ಎದುರಿನ ಪಾರದರ್ಶಕ ಭಾಗವಾದ ಕಾರ್ನಿಯಾದಲ್ಲಿ ಚರ್ಮದಲ್ಲಿರುವುದಕ್ಕಿಂತ ನೂರಾರು ಪಟ್ಟು ದಟ್ಟವಾಗಿ ನರದ ತುದಿಗಳಿವೆ. ಅವುಗಳಲ್ಲಿ ಕೆಲವಕ್ಕೆ ತಂಪನ್ನು ಗುರುತಿಸುವುದೇ ಕೆಲಸ. ನೀರು ಆವಿಯಾದಾಗ ಆ ಜಾಗ ಒಂಚೂರು ತಣ್ಣಗಾಗುತ್ತದೆ. ನರಗಳು ಮಿದುಳಿಗೆ ದೂರು ಒಯ್ಯುತ್ತವೆ, ಮಿದುಳು ಕಣ್ಣೀರಿನ ಗ್ರಂಥಿಗೆ ಅಪ್ಪಣೆ ಕೊಡುತ್ತದೆ, ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ.

ಆದರೆ ಹೀಗೆ ಬಂದದ್ದು ಬಹುಪಾಲು ಬರಿ ನೀರು. ಅದನ್ನು ಹಿಡಿದಿಡುವ ಎಣ್ಣೆ ಅದರ ಜೊತೆ ಬಂದಿಲ್ಲ. ಹೆಚ್ಚಾದದ್ದು ಕೆನ್ನೆಗೆ ಇಳಿಯುತ್ತದೆ, ಉಳಿದದ್ದು ಮತ್ತೆ ಆರುತ್ತದೆ, ಮತ್ತೆ ದೂರು ಹೋಗುತ್ತದೆ. ನೀರು ಸುರಿಸುತ್ತಲೇ ಕಣ್ಣು ಒಣಗುವುದು ಹೀಗೆ.

ಡಿಸೆಂಬರಿನ ಕೊಬ್ಬರಿ ಎಣ್ಣೆ

ಈ ಎಣ್ಣೆ ಬರುವುದು ರೆಪ್ಪೆಯಿಂದ. ಕಾಡಿಗೆ ತೀಡುವ ಅಂಚಿನಲ್ಲಿ, ರೆಪ್ಪೆಗೂದಲಿನ ಸಾಲಿನ ಹಿಂದೆಯೇ, ಕಂಡೂ ಕಾಣದಂತೆ ಸಣ್ಣ ಬಾಯಿಗಳ ಸಾಲೊಂದಿದೆ. ಪ್ರತಿ ಬಾಯಿಯ ಹಿಂದೆ ರೆಪ್ಪೆಯೊಳಗೆ ನೆಟ್ಟಗೆ ನಿಂತ ಒಂದು ಎಣ್ಣೆಗ್ರಂಥಿ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಜರ್ಮನಿಯ ವೈದ್ಯ ಹೈನ್‌ರಿಕ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರವಾಗಿ ಬಣ್ಣಿಸಿದ್ದರಿಂದ ವೈದ್ಯರು ಇವನ್ನು ಮೈಬೋಮಿಯನ್ ಗ್ರಂಥಿಗಳು ಎನ್ನುತ್ತಾರೆ. ನಾವು ರೆಪ್ಪೆಯ ಎಣ್ಣೆಗ್ರಂಥಿ ಎನ್ನೋಣ. ಪ್ರತಿ ಸಲ ಕಣ್ಣು ಮುಚ್ಚಿದಾಗ ರೆಪ್ಪೆಯ ಸ್ನಾಯು ಇವುಗಳನ್ನು ಮೆಲ್ಲಗೆ ಒತ್ತುತ್ತದೆ. ಚೂರು ಎಣ್ಣೆ ಹೊರಬರುತ್ತದೆ, ರೆಪ್ಪೆ ತೆರೆದಾಗ ಅದು ಕಣ್ಣಿನ ಮೇಲೆಲ್ಲ ಹರಡುತ್ತದೆ.

ಡಿಸೆಂಬರ್ ತಿಂಗಳ ಬೆಳಗ್ಗೆ ಮಲೆನಾಡಿನಲ್ಲೋ ಬೆಂಗಳೂರಿನಲ್ಲೋ ತಲೆಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆಯ ಬಾಟಲಿ ಎತ್ತಿಕೊಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ಎಣ್ಣೆ ಹೆಪ್ಪುಗಟ್ಟುತ್ತದೆ. ಬಾಟಲಿ ತುಂಬಿದೆ, ಬೋರಲು ಹಾಕಿದರೂ ಒಂದು ತೊಟ್ಟೂ ಬೀಳದು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಒತ್ತಿದರೆ ಬರುತ್ತದೆ. ಬಾಯಿಗೆ ಜಿಡ್ಡು ಕಟ್ಟಿದ್ದರೆ ಮೊದಲು ಅದನ್ನು ತೆಗೆಯಬೇಕು. ಬಾಟಲಿಯೇ ಖಾಲಿಯಾಗಿದ್ದರೆ ಎಷ್ಟು ಕಾಯಿಸಿದರೂ ಅಷ್ಟೇ.

ರೆಪ್ಪೆಯ ಎಣ್ಣೆ ಆರೋಗ್ಯವಾಗಿದ್ದಾಗ ರೆಪ್ಪೆಯ ಸಹಜ ಬಿಸಿಗೇ ತೆಳುವಾಗಿ ಹರಿಯುತ್ತದೆ. ಗ್ರಂಥಿ ಕೆಟ್ಟವರಲ್ಲಿ ಅದರ ರಾಸಾಯನಿಕ ಮಿಶ್ರಣವೇ ಬದಲಾಗಿ, ಕರಗಲು ಇನ್ನೂ ಕೆಲವು ಡಿಗ್ರಿ ಹೆಚ್ಚು ಬಿಸಿ ಬೇಕಾಗುತ್ತದೆ. ತಿಳಿಯಾದ ಎಣ್ಣೆಯ ಬದಲು ಹಳದಿ ಜಿಡ್ಡು ಕೊಳವೆಯಲ್ಲಿ ನಿಲ್ಲುತ್ತದೆ. ಬಾಯಿಯ ಸುತ್ತಲಿನ ಚರ್ಮ ದಪ್ಪಗಾಗಿ ಅದನ್ನು ಮುಚ್ಚುತ್ತ ಬರುತ್ತದೆ. ಒಳಗೆ ತುಂಬಿಕೊಂಡ ಒತ್ತಡಕ್ಕೆ ಎಣ್ಣೆ ತಯಾರಿಸುವ ಜೀವಕೋಶಗಳು ಸೊರಗುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಗ್ರಂಥಿಯೇ ಕುಗ್ಗಿ ಅಳಿದುಹೋಗುತ್ತದೆ.

ಕಾರಣಗಳು ಹಲವು. ವಯಸ್ಸು ಒಂದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಮುಖದ ಎಣ್ಣೆಗ್ರಂಥಿಗಳ ಜೊತೆ ರೆಪ್ಪೆಯವನ್ನೂ ಕುಗ್ಗಿಸಬಲ್ಲದು. ರೆಪ್ಪೆಗೂದಲಿನ ಬುಡದಲ್ಲಿ ಬದುಕುವ ಡೆಮೊಡೆಕ್ಸ್ ಎಂಬ ಸೂಕ್ಷ್ಮ ಹುಳುವಿನದೂ ಒಂದು ಪಾಲಿದೆ. ಇವಕ್ಕೆಲ್ಲ ಈಗ ಸ್ಕ್ರೀನ್ ಸೇರಿಕೊಂಡಿದೆ. ಸುಮ್ಮನೆ ಮಾತಾಡುವಾಗ ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಮಿಟುಕುವ ಕಣ್ಣು ಕಂಪ್ಯೂಟರ್ ಎದುರು ಅದರ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುತ್ತದೆ. ಮಿಟುಕಿದರೂ ಎಷ್ಟೋ ಸಲ ರೆಪ್ಪೆಗಳು ಒಂದನ್ನೊಂದು ಮುಟ್ಟುವುದಿಲ್ಲ. ಮುಟ್ಟದಿದ್ದರೆ ಒತ್ತು ಬೀಳದು, ಒತ್ತು ಬೀಳದಿದ್ದರೆ ಎಣ್ಣೆ ಬಾರದು.

ಈ ತೊಂದರೆ ಅಪರೂಪದ್ದೂ ಅಲ್ಲ. ಮೈಕೆಲ್ ಲೆಂಪ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣಗಣ್ಣಿನವರಲ್ಲಿ ಶೇಕಡಾ 86 ಮಂದಿಗೆ ರೆಪ್ಪೆಯ ಎಣ್ಣೆಗ್ರಂಥಿ ಕೆಟ್ಟಿರುವ ಲಕ್ಷಣ ಕಂಡಿತ್ತು. ಹೊಸ ಯಂತ್ರಗಳೆಲ್ಲ ಎಣ್ಣೆಯ ಹಿಂದೆ ಬಿದ್ದಿರುವುದು ಅದಕ್ಕೇ.

ಎಣ್ಣೆಯೋ, ನೀರೋ, ನರವೋ

ಹಾಗೆಂದು ಎಲ್ಲರ ತೊಂದರೆಯೂ ಎಣ್ಣೆಯದೇ ಎನ್ನುವಂತಿಲ್ಲ. ಕೆಲವರಲ್ಲಿ ಬತ್ತಿರುವುದು ನೀರು. ಕೆಲವರಲ್ಲಿ ಎರಡೂ. ಇನ್ನು ಕೆಲವರಲ್ಲಿ ಎಣ್ಣೆ, ನೀರು ಎರಡೂ ಸರಿಯಾಗಿದ್ದು ನರಗಳೇ ಹುಸಿ ದೂರು ಕೊಡುತ್ತಿರುತ್ತವೆ. ಎಲ್ಲರೂ ಹೇಳಿಕೊಳ್ಳುವುದು ಒಂದೇ: ಉರಿ, ಕರಕರ, ಮಸುಕು. ಮಾತಿನಲ್ಲಿ ಬೇರ್ಪಡಿಸಲಾಗದ್ದನ್ನು ಪರೀಕ್ಷೆಯಲ್ಲಿ ಬೇರ್ಪಡಿಸಬೇಕು.

ನೀರನ್ನು ಅಳೆಯುವ ವಿಧಾನ ಶತಮಾನ ದಾಟಿದ್ದು. ಜರ್ಮನಿಯ ಓಟೊ ಶಿರ್ಮರ್ 1903ರಲ್ಲಿ ತೋರಿಸಿಕೊಟ್ಟದ್ದು. 5 ಮಿಲಿಮೀಟರ್ ಅಗಲದ ಶೋಧಕ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಕಾಗದ 10 ಮಿಲಿಮೀಟರಿಗಿಂತ ಹೆಚ್ಚು ನೆನೆದರೆ ನೀರಿಗೆ ಕೊರತೆಯಿಲ್ಲ ಎನ್ನಬಹುದು. 5ನ್ನೂ ದಾಟದಿದ್ದರೆ ಕಣ್ಣೀರಿನ ಗ್ರಂಥಿಯೇ ಸೋತಿದೆ ಎಂದು ಅನುಮಾನ. ಅದರ ಜೊತೆ ಬಾಯಿಯೂ ಒಣಗುತ್ತಿದ್ದರೆ, ಕೀಲುನೋವೂ ಇದ್ದರೆ, ವಿಷಯ ಕಣ್ಣನ್ನು ಮೀರಿದೆ. ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಏರಿಹೋಗುತ್ತದೆ. ಅಂಥವರು ರಕ್ತಪರೀಕ್ಷೆ ಮಾಡಿಸಿ, ಸಂಧಿವಾತ ತಜ್ಞರನ್ನು ನೋಡಬೇಕು. ಬರಿ ರೆಪ್ಪೆ ಬಿಸಿ ಮಾಡಿದರೆ ಅವರಿಗೆ ನೀರು ಬರುವುದಿಲ್ಲ.

ಎಣ್ಣೆಯ ಕೊರತೆಯನ್ನು ಸಮಯದಿಂದ ಊಹಿಸುತ್ತಾರೆ. ಕಣ್ಣಿಗೆ ಹಳದಿ ಬಣ್ಣದ ಫ್ಲೂರೊಸೀನ್ ಹಾಕಿ, ನೀಲಿ ಬೆಳಕು ಬಿಟ್ಟು, ಮಿಟುಕಿಸಬೇಡಿ ಎನ್ನುತ್ತಾರೆ. ಹಸಿರಾಗಿ ಹೊಳೆಯುವ ಪದರದಲ್ಲಿ ಮೊದಲ ಕಪ್ಪು ಮಚ್ಚೆ ಮೂಡಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಲೆಕ್ಕ. 10 ಸೆಕೆಂಡಿನೊಳಗೆ ಒಡೆದರೆ ಪದರ ಗಟ್ಟಿಯಿಲ್ಲ. ಕಾಗದದ ಪರೀಕ್ಷೆ ಚೆನ್ನಾಗಿದ್ದೂ ಪದರ ಬೇಗ ಒಡೆದರೆ ಬೆರಳು ಎಣ್ಣೆಯ ಕಡೆಗೇ ತೋರುತ್ತದೆ.

ಅದನ್ನು ಖಚಿತಪಡಿಸುವ ಪರೀಕ್ಷೆಗೆ ಯಂತ್ರವೇ ಬೇಡ. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ರೆಪ್ಪೆಯ ಅಂಚನ್ನು ಬೆರಳಿನಿಂದ ಒತ್ತುತ್ತಾರೆ. ತಿಳಿ ಎಣ್ಣೆ ಬಂತೇ, ಕಲಗಚ್ಚಾಗಿ ಬಂತೇ, ಗಟ್ಟಿ ಜಿಡ್ಡು ಬಂತೇ, ಏನೂ ಬರಲಿಲ್ಲವೇ? ಅಮೆರಿಕದ ಡೊನಾಲ್ಡ್ ಕೋರ್ಬ್ ಈ ಒತ್ತಿ ನೋಡುವುದರ ಮೇಲೆ ಬಹಳ ಕೆಲಸ ಮಾಡಿದವರು. ಕೆಂಪು, ಊತ ಒಂದೂ ಇಲ್ಲದೆ ನೋಡಲು ನೆಟ್ಟಗಿರುವ ರೆಪ್ಪೆಯಲ್ಲೂ ಎಣ್ಣೆ ಕಟ್ಟಿಕೊಂಡಿರಬಹುದು, ಒತ್ತದೆ ಗೊತ್ತಾಗದು ಎಂಬುದು ಅವರ ತಂಡ ಸಾರಿ ಹೇಳಿದ ಮಾತು.

ಕೊನೆಯದು ಚಿತ್ರ. ರೆಪ್ಪೆಯನ್ನು ಮಗುಚಿ ಅವಕೆಂಪು ಬೆಳಕಿನಲ್ಲಿ ಫೋಟೋ ತೆಗೆದರೆ ಗ್ರಂಥಿಗಳು ಬಿಳಿ ಗೆರೆಗಳಾಗಿ ಕಾಣುತ್ತವೆ. ಗೆರೆ ಅಳಿಸಿಹೋದ ಜಾಗದಲ್ಲಿ ಗ್ರಂಥಿ ಇಲ್ಲ. ಮೂರನೇ ಒಂದು ಭಾಗದೊಳಗೆ ಹೋಗಿದೆಯೇ, ಮೂರನೇ ಎರಡು ಭಾಗದವರೆಗೆ ಹೋಗಿದೆಯೇ, ಅದನ್ನೂ ಮೀರಿದೆಯೇ ಎಂದು ಡಾಕ್ಟರು ದರ್ಜೆ ಕೊಡುತ್ತಾರೆ. ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟಿದೆಯೋ, ಬಾಟಲಿಯೇ ಖಾಲಿಯೋ ಎಂಬುದಕ್ಕೆ ಉತ್ತರ ಈ ಎರಡು ಪರೀಕ್ಷೆಗಳನ್ನು ಸೇರಿಸಿ ನೋಡಿದಾಗ ಸಿಗುತ್ತದೆ.

ನರದ ತೊಂದರೆಯನ್ನು ಹಿಡಿಯಲು ಮರಗಟ್ಟಿಸುವ ಹನಿ ಹಾಕಿ ನೋಡುತ್ತಾರೆ. ಕಣ್ಣಿನ ಮೇಲ್ಮೈ ಮರಗಟ್ಟಿದ ಮೇಲೂ ಉರಿ ಹಾಗೆಯೇ ಇದ್ದರೆ ಆ ಉರಿ ಮೇಲ್ಮೈಯಿಂದ ಬರುತ್ತಿಲ್ಲ. ಪರೀಕ್ಷೆಗಳೆಲ್ಲ ಚೆನ್ನಾಗಿದ್ದೂ ನೋವು ವಿಪರೀತ ಎನ್ನುವವರಲ್ಲಿ ಇದನ್ನು ಮರೆಯುವಂತಿಲ್ಲ. ಇವರಿಗೆ ಎಣ್ಣೆ ಹಿಂಡುವುದರಿಂದ ಏನೂ ಆಗದು.

ಬಿಸಿ ಮಾಡಿ ಹಿಂಡುವ ಯಂತ್ರ

ಕೋರ್ಬ್ ಅವರ ಕೆಲಸದಿಂದಲೇ ಹುಟ್ಟಿದ್ದು ಲಿಪಿಫ್ಲೋ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2011ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಕಣ್ಣು ಮರಗಟ್ಟಿಸಿ, ರೆಪ್ಪೆ ಮತ್ತು ಕಣ್ಣುಗುಡ್ಡೆಯ ನಡುವೆ ಒಂದು ಬಟ್ಟಲನ್ನು ಕೂರಿಸುತ್ತಾರೆ. ಅದು ರೆಪ್ಪೆಯ ಒಳಮೈಯನ್ನು 42.5 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ, ಆ ಬಿಸಿ ಕಾರ್ನಿಯಾಕ್ಕೆ ತಾಗದಂತೆಯೂ ನೋಡಿಕೊಳ್ಳುತ್ತದೆ. ಹೊರಗಡೆಯಿಂದ ಗಾಳಿಚೀಲವೊಂದು ಉಬ್ಬಿ ಇಳಿದು ರೆಪ್ಪೆಯನ್ನು ಬುಡದಿಂದ ಅಂಚಿನ ಕಡೆಗೆ ಒತ್ತುತ್ತದೆ. ಎರಡೂ ಕಣ್ಣಿಗೆ ಒಟ್ಟಿಗೆ 12 ನಿಮಿಷ. ಒಂದೇ ಸಲ.

ಒಳಗಿನಿಂದ ಏಕೆ ಕಾಯಿಸಬೇಕು? ಗ್ರಂಥಿಗಳು ಇರುವುದು ರೆಪ್ಪೆಯ ಒಳಮೈಗೆ ಹತ್ತಿರ. ಹೊರಗಿನಿಂದ ಬಟ್ಟೆಯ ಶಾಖ ಕೊಟ್ಟಾಗ ಚರ್ಮ ಮತ್ತು ಸ್ನಾಯುವನ್ನು ದಾಟುವಷ್ಟರಲ್ಲಿ, ಅಲ್ಲಿ ಹರಿಯುವ ರಕ್ತ ಬಿಸಿಯನ್ನು ಒಯ್ದುಬಿಡುತ್ತದೆ. ಜೊತೆಗೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಒಂದೆರಡು ನಿಮಿಷದಲ್ಲೇ ಆರುತ್ತದೆ. ಮನೆಯಲ್ಲಿ ಶಾಖ ಕೊಟ್ಟು ಉಪಯೋಗವಾಗಲಿಲ್ಲ ಎನ್ನುವವರಲ್ಲಿ ಅನೇಕರು ಕೊಟ್ಟದ್ದು ಎಣ್ಣೆ ಕರಗುವಷ್ಟು ಬಿಸಿಯೂ ಅಲ್ಲ, ಅಷ್ಟು ಹೊತ್ತೂ ಅಲ್ಲ.

ತರ್ಕ ಅಚ್ಚುಕಟ್ಟಾಗಿದೆ. ಫಲಿತಾಂಶ ಅಷ್ಟು ಅಚ್ಚುಕಟ್ಟಾಗಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆ 2024ರಲ್ಲಿ ಲಿಪಿಫ್ಲೋ ಕುರಿತ 13 ಪ್ರಯೋಗಗಳನ್ನು ಪರಿಶೀಲಿಸಿತು. ರೋಗಿಗಳಿಗೆ ಸಿಕ್ಕ ನೆಮ್ಮದಿಯ ಮಟ್ಟಿಗೆ ಅದು ಒಣಗಣ್ಣಿನ ಬೇರೆ ರೂಢಿಯ ಚಿಕಿತ್ಸೆಗಳಷ್ಟೇ ಎಂದಿತು, ಆಧಾರಗಳೂ ದುರ್ಬಲ ಎಂದು ಸೇರಿಸಿತು. ಯಂತ್ರ ಕೆಲಸ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಶಾಖ ಕೊಡುವುದು, ಒತ್ತುವುದು, ರೆಪ್ಪೆ ಶುಚಿ ಮಾಡುವುದು ಇವನ್ನು ಬಿಡದೆ ಮಾಡಬಲ್ಲವರಿಗೆ ಯಂತ್ರದಿಂದ ಅದಕ್ಕಿಂತ ಬಹಳ ಹೆಚ್ಚಿನದು ಸಿಗುತ್ತದೆಂಬ ಭರವಸೆ ಇಲ್ಲ. ದಿನವೂ ಮಾಡಲಾಗದವರಿಗೆ, ಕೈನಡುಕ ಇರುವವರಿಗೆ, ಮಾಡಿಯೂ ಎಣ್ಣೆ ಬಿಡದವರಿಗೆ ಅದು ಯೋಚಿಸಬಹುದಾದ ದಾರಿ.

ಕೆನ್ನೆಯ ಮೇಲಿನ ಮಿಂಚು

ಎರಡನೆಯ ಚಿಕಿತ್ಸೆ ಚರ್ಮರೋಗದವರ ಕೋಣೆಯಿಂದ ಕಣ್ಣಿನವರ ಕೋಣೆಗೆ ಬಂದದ್ದು. ಕೆನ್ನೆ, ಮೂಗಿನ ಮೇಲೆ ರಕ್ತನಾಳಗಳು ಉಬ್ಬಿ ಕೆಂಪಗಾಗುವ ರೊಸೇಷಿಯಾ ಎಂಬ ತೊಂದರೆಗೆ ಚರ್ಮವೈದ್ಯರು ತೀವ್ರ ಬೆಳಕಿನ ಮಿಡಿತಗಳನ್ನು ಹಾಯಿಸುತ್ತಿದ್ದರು. ಇದರ ಹೆಸರು ಇಂಟೆನ್ಸ್ ಪಲ್ಸ್ಡ್ ಲೈಟ್, ಚಿಕ್ಕದಾಗಿ ಐಪಿಎಲ್. ಅಮೆರಿಕದ ಟೆನೆಸಿ ರಾಜ್ಯದ ಕಣ್ಣಿನ ವೈದ್ಯ ರೊಲಾಂಡೊ ಟೊಯೋಸ್ 2000ದ ದಶಕದ ಆರಂಭದಲ್ಲಿ, ಈ ಚಿಕಿತ್ಸೆ ಪಡೆದವರ ಒಣಗಣ್ಣೂ ಸುಧಾರಿಸುತ್ತಿರುವುದನ್ನು ಗಮನಿಸಿದರು. ಅಲ್ಲಿಂದ ಇದು ಕಣ್ಣಿನ ಚಿಕಿತ್ಸೆಯೇ ಆಯಿತು.

ಕಣ್ಣಿಗೆ ರಕ್ಷಾಕವಚ ಹಾಕಿ, ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯ ಬುಡದವರೆಗೆ, ಕೆಳರೆಪ್ಪೆಯ ಕೆಳಗೆ ಕೆನ್ನೆ ಮೂಗುಗಳ ಮೇಲೆ ಸಾಲಾಗಿ ಮಿಂಚಿಸುತ್ತ ಹೋಗುತ್ತಾರೆ. ರೂಢಿಯ ಪ್ರಕಾರ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ನಾಲ್ಕು ಸಲ. ಪ್ರತಿ ಸಲವೂ ಆಮೇಲೆ ರೆಪ್ಪೆ ಒತ್ತಿ ಎಣ್ಣೆ ತೆಗೆಯುವುದುಂಟು.

ಬೆಳಕು ಬೀಳುವುದು ಕೆನ್ನೆಗೆ, ಗುಣವಾಗುವುದು ರೆಪ್ಪೆಗೆ ಎಂದರೆ ವಿಚಿತ್ರವಲ್ಲವೇ? ಈ ಬೆಳಕನ್ನು ರಕ್ತದ ಕೆಂಪು ಬಣ್ಣ ಹೀರಿಕೊಳ್ಳುತ್ತದೆ. ಉಬ್ಬಿದ ಸಣ್ಣ ನಾಳಗಳು ಒಳಗೇ ಬಿಸಿಯಾಗಿ ಮುಚ್ಚಿಹೋಗುತ್ತವೆ. ರೆಪ್ಪೆಯಂಚಿಗೆ ಉರಿಯೂತದ ರಾಸಾಯನಿಕಗಳನ್ನು ಸುರಿಯುತ್ತಿದ್ದದ್ದು ಇವೇ ನಾಳಗಳು ಎಂಬುದು ಮುಖ್ಯ ವಿವರಣೆ. ಉರಿಯೂತ ಇಳಿದರೆ ಗ್ರಂಥಿಯ ಬಾಯಿ ಬಿಡುವಾಗುತ್ತದೆ. ಜೊತೆಗೆ ಬಿಸಿಗೆ ಜಿಡ್ಡು ಸಡಿಲವಾಗಬಹುದು, ಡೆಮೊಡೆಕ್ಸ್ ಹುಳುಗಳೂ ಕಡಿಮೆಯಾಗಬಹುದು. ಹಾಗಾಗಿ ರೆಪ್ಪೆಯಂಚಿನಲ್ಲಿ ಕೆಂಪು ನಾಳಗಳು ಕಾಣುವವರಿಗೂ, ಮುಖದಲ್ಲಿ ರೊಸೇಷಿಯಾ ಇರುವವರಿಗೂ ಈ ಚಿಕಿತ್ಸೆಯ ತರ್ಕ ಹೆಚ್ಚು ಹೊಂದುತ್ತದೆ.

2020ರಲ್ಲಿ ಕೊಕ್ರೇನ್ ಇದನ್ನೂ ತೂಗಿನೋಡಿದಾಗ ಅಳತೆಗೆ ನಿಲ್ಲುವ ಪ್ರಯೋಗಗಳು ಸಿಕ್ಕಿದ್ದು ಮೂರು, ಅವುಗಳಲ್ಲಿ ಭಾಗವಹಿಸಿದವರು ಒಟ್ಟು 114 ಜನ. ಗಟ್ಟಿಯಾಗಿ ಏನನ್ನೂ ಹೇಳಲಾಗದು ಎಂಬುದು ಆಗಿನ ತೀರ್ಮಾನ. 2021ರಲ್ಲಿ ಲುಮೆನಿಸ್ ಕಂಪನಿಯ ಐಪಿಎಲ್ ಯಂತ್ರಕ್ಕೆ ಎಫ್‌ಡಿಎ ಒಣಗಣ್ಣಿನ ಹೆಸರಿನಲ್ಲೇ ಮಾನ್ಯತೆ ಕೊಟ್ಟಿತು. ಆಮೇಲೂ ಪ್ರಯೋಗಗಳು ನಡೆದಿವೆ. ಕಣ್ಣೀರ ಪದರ ಹೆಚ್ಚು ಹೊತ್ತು ನಿಲ್ಲುವುದನ್ನು ಹಲವು ತೋರಿಸಿವೆ. ಪರಿಣಾಮ ಶಾಶ್ವತವಲ್ಲ. ತಿಂಗಳುಗಳ ಮೇಲೆ ಮತ್ತೆ ಮಾಡಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ನಮ್ಮ ಚರ್ಮದ ಪ್ರಶ್ನೆ

ಎಫ್‌ಡಿಎಯ ಆ ಮಾನ್ಯತೆಯಲ್ಲಿ ಒಂದು ಷರತ್ತಿದೆ, ನಮ್ಮವರು ಓದಲೇಬೇಕಾದದ್ದು. ಹಾರ್ವರ್ಡಿನ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ, ಬಿಸಿಲಿಗೆ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂಬುದರ ಮೇಲೆ ಚರ್ಮವನ್ನು ವಿಂಗಡಿಸುವ ಪಟ್ಟಿ ಮಾಡಿದರು. ಆಮೇಲೆ ಅದು ಆರು ವರ್ಗಗಳಾಯಿತು. ಒಂದನೆಯದು ತೀರಾ ಬಿಳಿ, ಆರನೆಯದು ತೀರಾ ಕಪ್ಪು. ಮಾನ್ಯತೆ ಇರುವುದು ಒಂದರಿಂದ ನಾಲ್ಕನೇ ವರ್ಗದವರೆಗೆ ಮಾತ್ರ.

ಕಾರಣ ಸರಳ. ರಕ್ತದ ಕೆಂಪು ಹೀರುವ ಬೆಳಕನ್ನು ಚರ್ಮದ ಕಪ್ಪು ವರ್ಣಕವಾದ ಮೆಲನಿನ್ ಕೂಡ ಹೀರುತ್ತದೆ. ಮೆಲನಿನ್ ಹೆಚ್ಚಿದ್ದರೆ ಬೆಳಕು ನಾಳವನ್ನು ತಲುಪುವ ಮೊದಲೇ ಮೇಲ್ಚರ್ಮ ಕಾಯುತ್ತದೆ. ಸುಟ್ಟ ಗುಳ್ಳೆ ಏಳಬಹುದು, ಕಪ್ಪು ಕಲೆ ಉಳಿಯಬಹುದು, ಕೆಲವೊಮ್ಮೆ ಬಣ್ಣವೇ ಹೋಗಿ ಬಿಳಿಯಾಗಬಹುದು. ದಕ್ಷಿಣ ಭಾರತದ ನಮ್ಮಲ್ಲಿ ನಾಲ್ಕು ಮತ್ತು ಐದನೇ ವರ್ಗದ ಚರ್ಮ ಸಾಮಾನ್ಯ, ಆರನೆಯದೂ ಅಪರೂಪವಲ್ಲ. ಬಿಸಿಲಿನಲ್ಲಿ ದುಡಿಯುವವರಂತೂ ತಮ್ಮ ಹುಟ್ಟುಬಣ್ಣಕ್ಕಿಂತ ಕಪ್ಪಾಗಿರುತ್ತಾರೆ. ಅನುಭವಿ ವೈದ್ಯರು ಬೆಳಕಿನ ಬಲ ತಗ್ಗಿಸಿ, ಸೋಸುಗಾಜು ಬದಲಿಸಿ, ಮೊದಲು ಕಿವಿಯ ಹತ್ತಿರ ಸಣ್ಣ ಜಾಗದಲ್ಲಿ ಪರೀಕ್ಷಿಸಿ ಮುಂದುವರಿಯುತ್ತಾರೆ. "ನನ್ನ ಚರ್ಮ ಎಷ್ಟನೇ ವರ್ಗ? ಅದಕ್ಕೆ ತಕ್ಕಂತೆ ಏನು ಬದಲಿಸುತ್ತೀರಿ?" ಎಂದು ಕೇಳಲು ಹಿಂಜರಿಯಬೇಡಿ. ತೃಪ್ತಿಯ ಉತ್ತರ ಸಿಗದಿದ್ದರೆ ಎದ್ದು ಬನ್ನಿ.

ಮಾತ್ರೆಗಳ ಪಟ್ಟಿಯನ್ನೂ ತೋರಿಸಬೇಕು. ರೆಪ್ಪೆಯ ಉರಿಯೂತಕ್ಕೆಂದೇ ಕಣ್ಣಿನ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್, ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಮದ್ದು. ಲೂಪಸ್‌ನಂಥ ಬಿಸಿಲು ತಾಳದ ಕಾಯಿಲೆ ಇರುವವರು, ಬಸುರಿಯರು, ಬೆಳಕಿನ ಮಿಣುಕಿಗೆ ಮೂರ್ಛೆ ಬರುವವರು ಮೊದಲೇ ಹೇಳಬೇಕು. ಕಣ್ಣಿನ ಕವಚದಲ್ಲಿ ರಾಜಿಯೇ ಇಲ್ಲ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲೂ ಮೆಲನಿನ್ ಇದೆ.

"ನನಗೆ ಗುಣವಾಯ್ತು" ಎಂಬುದರ ತೂಕ

ಪರಿಚಯದ ಒಬ್ಬರು ಮಾಡಿಸಿಕೊಂಡು ಗುಣವಾದರಂತೆ ಎಂಬುದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಶಿಫಾರಸು. ಒಣಗಣ್ಣಿನ ವಿಷಯದಲ್ಲಿ ಅದನ್ನು ಸ್ವಲ್ಪ ಜಾಗ್ರತೆಯಿಂದ ತೂಗಬೇಕು. ಮೀನೆಣ್ಣೆಯ ಒಮೆಗಾ-3 ಮಾತ್ರೆಯಿಂದ ಒಣಗಣ್ಣು ಸುಧಾರಿಸುತ್ತದೆಯೇ ಎಂದು ಅಮೆರಿಕದಲ್ಲಿ 535 ಜನರ ಮೇಲೆ ನಡೆದ ಡ್ರೀಮ್ ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಹೊರಬಂತು. ಒಂದು ಗುಂಪಿಗೆ ಮೀನೆಣ್ಣೆ, ಇನ್ನೊಂದಕ್ಕೆ ಆಲಿವ್ ಎಣ್ಣೆ. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ಪರೀಕ್ಷಿಸುವವರಿಗೂ ಗೊತ್ತಿಲ್ಲ. ಒಂದು ವರ್ಷದಲ್ಲಿ ಮೀನೆಣ್ಣೆ ನುಂಗಿದವರಲ್ಲಿ ಶೇಕಡಾ 61 ಮಂದಿಗೆ ಎದ್ದುಕಾಣುವಷ್ಟು ನೆಮ್ಮದಿ ಸಿಕ್ಕಿತು. ಆಲಿವ್ ಎಣ್ಣೆಯವರಲ್ಲಿ ಶೇಕಡಾ 54. ಈ ಅಂತರ ಆಕಸ್ಮಿಕವೂ ಆಗಿರಬಹುದು ಎಂಬುದು ಸಂಶೋಧಕರ ಲೆಕ್ಕ.

ಹೋಲಿಕೆಗೆಂದು ಕೊಟ್ಟ ಎಣ್ಣೆಗೇ ಅರ್ಧಕ್ಕಿಂತ ಹೆಚ್ಚು ಜನ ಸುಧಾರಿಸಿದ್ದು ಹೇಗೆ? ಒಣಗಣ್ಣು ಏರಿಳಿಯುವ ಕಾಯಿಲೆ. ತೀರಾ ಹೆಚ್ಚಾದಾಗ ನಾವು ಡಾಕ್ಟರ ಬಳಿಗೆ ಓಡುತ್ತೇವೆ. ಅಲ್ಲಿಂದ ಮುಂದೆ ಅದು ತಾನಾಗಿ ಇಳಿಯುವ ಸಾಧ್ಯತೆಯೇ ಹೆಚ್ಚು. ಚಿಕಿತ್ಸೆ ಶುರುವಾಯಿತು ಎಂದಾಗ ಹನಿ, ಶಾಖ, ವಿರಾಮ ಎಲ್ಲವನ್ನೂ ಶ್ರದ್ಧೆಯಿಂದ ಮಾಡುತ್ತೇವೆ. ನಂಬಿಕೆಯೂ ನೋವನ್ನು ತಗ್ಗಿಸುತ್ತದೆ. ಆದ್ದರಿಂದ ಹೊಸ ಚಿಕಿತ್ಸೆಯ ಪ್ರಚಾರದಲ್ಲಿ "ಇಷ್ಟು ಮಂದಿಗೆ ಗುಣ" ಎಂಬ ಸಂಖ್ಯೆ ಕಂಡರೆ ಕೇಳಬೇಕಾದ್ದು ಒಂದೇ: ಯಂತ್ರ ಚಾಲೂ ಮಾಡದೆ ಮಾಡಿಸಿಕೊಂಡವರಲ್ಲಿ ಎಷ್ಟು ಮಂದಿಗೆ?

ಯಾರಿಗೆ ಹೌದು, ಯಾರಿಗೆ ಅಲ್ಲ

ಎಲ್ಲವನ್ನೂ ಕೂಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ನೀರಿನ ಪರೀಕ್ಷೆ ಚೆನ್ನಾಗಿದೆ, ಪದರ ಬೇಗ ಒಡೆಯುತ್ತದೆ, ಒತ್ತಿದರೆ ಗಟ್ಟಿ ಎಣ್ಣೆ ಬರುತ್ತದೆ, ಚಿತ್ರದಲ್ಲಿ ಗ್ರಂಥಿಗಳು ಸಾಕಷ್ಟು ಉಳಿದಿವೆ, ಮನೆಯ ಆರೈಕೆಯನ್ನು ಒಂದೆರಡು ತಿಂಗಳು ಬಿಡದೆ ಮಾಡಿಯೂ ಸಾಲಲಿಲ್ಲ. ಇವಿಷ್ಟೂ ಕೂಡಿಬಂದವರಿಗೆ ಬಿಸಿ ಮಾಡುವ ಯಂತ್ರವನ್ನು ಪ್ರಯತ್ನಿಸಲು ಕಾರಣವಿದೆ. ಜೊತೆಗೆ ರೆಪ್ಪೆಯಂಚು ಕೆಂಪಗಿದ್ದು ಚರ್ಮದ ಬಣ್ಣ ಅನುವು ಮಾಡಿಕೊಟ್ಟರೆ ಬೆಳಕಿನ ಚಿಕಿತ್ಸೆಯನ್ನೂ ಯೋಚಿಸಬಹುದು.

ನೀರೇ ಬತ್ತಿದವರಿಗೆ ಬೇರೆ ದಾರಿಗಳಿವೆ. ಕಣ್ಣೀರು ಮೂಗಿಗೆ ಹರಿದುಹೋಗುವ ಸಣ್ಣ ರಂಧ್ರಗಳಿಗೆ ಬಿರಡೆ ಹಾಕುತ್ತಾರೆ, ಉರಿಯೂತ ತಗ್ಗಿಸುವ ಸೈಕ್ಲೋಸ್ಪೊರಿನ್ ಹನಿ ಕೊಡುತ್ತಾರೆ. ಗ್ರಂಥಿಗಳು ಬಹುಪಾಲು ಅಳಿದವರು ಯಂತ್ರದಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ನೆಗಡಿ ಅಲರ್ಜಿಗೆ ನುಂಗುವ ಸೆಟಿರಿಜಿನ್‌ನಂಥ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳು, ಗ್ಲಾಕೋಮಾಕ್ಕೆ ವರ್ಷಗಟ್ಟಲೆ ಹಾಕುವ ಹನಿಯಲ್ಲಿನ ಸಂರಕ್ಷಕ, ಇವೂ ಕಣ್ಣು ಒಣಗಿಸುತ್ತವೆ. ಅಂಥವರು ಮೊದಲು ಮಾತಾಡಬೇಕಾದ್ದು ಮದ್ದು ಬದಲಿಸುವ ಬಗ್ಗೆ, ತಾವಾಗಿ ನಿಲ್ಲಿಸುವಂತಿಲ್ಲ. ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚದವರು ಅದನ್ನು ಸರಿಪಡಿಸಿಕೊಳ್ಳದೆ ಬೇರೇನು ಮಾಡಿದರೂ ವ್ಯರ್ಥ.

ಮನೆಯ ಆರೈಕೆ ಎಂದರೆ ಇಷ್ಟು. ಕೈಯ ಹಿಂಬದಿಗೆ ಇಟ್ಟರೆ ಹಿತವೆನಿಸುವಷ್ಟು, ಸುಮಾರು 40 ಡಿಗ್ರಿಯ ಬಿಸಿ, ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ, ದಿನಕ್ಕೆರಡು ಸಲ. ಬಟ್ಟೆಯಾದರೆ ಆರುವ ಮೊದಲೇ ಬದಲಿಸುತ್ತಿರಬೇಕು. ಕಾಯಿಸುವ ಕಣ್ಣುಪಟ್ಟಿ ಸಿಕ್ಕರೆ ಸುಲಭ. ಆ ಕೂಡಲೇ ಶುಚಿಯಾದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ನೀವಬೇಕು. ಕಣ್ಣುಗುಡ್ಡೆಯನ್ನು ಒತ್ತಬಾರದು. ರೆಪ್ಪೆಯಂಚನ್ನು ಒರೆಸಿ ಜಿಡ್ಡು, ಕಾಡಿಗೆ ತೆಗೆಯಬೇಕು. ಸ್ಕ್ರೀನ್ ಎದುರು ಕೂತವರು ಆಗಾಗ ಬೇಕೆಂದೇ ಪೂರ್ತಿ ಕಣ್ಣು ಮುಚ್ಚಿ ತೆರೆಯಬೇಕು. ಫ್ಯಾನಿನ, ಎಸಿಯ ಗಾಳಿ ಮುಖಕ್ಕೆ ನೇರ ಬೀಸದಂತೆ ಕೂರಬೇಕು. ದಿಢೀರ್ ದೃಷ್ಟಿ ಕುಗ್ಗಿದರೆ, ತಡೆಯಲಾಗದ ನೋವಿದ್ದರೆ, ಬೆಳಕು ನೋಡಲಾಗದಿದ್ದರೆ ಇದಾವುದನ್ನೂ ಮಾಡುತ್ತ ಕೂರದೆ ಅಂದೇ ಡಾಕ್ಟರನ್ನು ಕಾಣಬೇಕು.

ಇನ್ನು ಹಣ ಕಟ್ಟುವ ಮಾತು. ಅದಕ್ಕೆ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ನನ್ನ ಕೊರತೆ ಎಣ್ಣೆಯದೋ ನೀರಿನದೋ? ಎಷ್ಟು ಗ್ರಂಥಿ ಉಳಿದಿವೆ? ನನ್ನ ಚರ್ಮಕ್ಕೆ, ನನ್ನ ಮಾತ್ರೆಗಳಿಗೆ ಇದು ಒಗ್ಗುತ್ತದೆಯೇ? ಇದರ ಪರಿಣಾಮ ಎಷ್ಟು ತಿಂಗಳು, ಮತ್ತೆ ಎಷ್ಟು ಖರ್ಚು? ಒಮ್ಮೆಯಾದರೂ ನಿಮ್ಮ ರೆಪ್ಪೆಯಂಚನ್ನು ಒತ್ತಿ ನೋಡದೆ ಯಂತ್ರದ ದರಪಟ್ಟಿ ಮುಂದಿಟ್ಟವರಿದ್ದರೆ ಅಲ್ಲಿ ಹಣ ಕಟ್ಟಬೇಡಿ, ಇನ್ನೊಬ್ಬ ಕಣ್ಣಿನ ವೈದ್ಯರನ್ನು ನೋಡಿ.